ಬ್ಯಾಂಡಿನವರು ನುಡಿಸುವ ಫ್ರೆಂಚ್ ಮಟ್ಟುಗಳು

ಡಿಸೆಂಬರ್ ಬಂತೆಂದರೆ ಯಾರ್ಕ್‌ಷೈರಿನ ನಮ್ಮ ಊರಿನ ಮಾರುಕಟ್ಟೆ ಚೌಕದಲ್ಲಿ ಹಿತ್ತಾಳೆ ಬ್ಯಾಂಡಿನವರು ಬಂದು ನಿಲ್ಲುತ್ತಾರೆ. ನಾವೂ ಶಾಪಿಂಗ್ ಚೀಲ ಹಿಡಿದು ಎರಡು ನಿಮಿಷ ಕೇಳಿ, ಡಬ್ಬಿಗೆ ಒಂದು ಪೌಂಡ್ ಹಾಕಿ ಮುಂದೆ ಹೋಗುತ್ತೇವೆ. ಇದು ಇಂಗ್ಲಿಷರ ಹಬ್ಬ, ಇಂಗ್ಲಿಷರ ಹಾಡು ಎಂದು ನಾನೂ ಬಹಳ ವರ್ಷ ಅಂದುಕೊಂಡಿದ್ದೆ.

ಒಂದು ಕ್ರಿಸ್‌ಮಸ್ ವಾರ ನನಗೆ ವಾರ್ಡಿನಲ್ಲಿ ಡ್ಯೂಟಿ. ಕಲ್ಲಿದ್ದಲು ಗಣಿಯಲ್ಲಿ ದುಡಿದು ಶ್ವಾಸಕೋಶ ಹಾಳಾಗಿದ್ದ ಹಿರಿಯರೊಬ್ಬರು ದಾಖಲಾಗಿದ್ದರು. ಗಣಿಯ ಬ್ಯಾಂಡಿನಲ್ಲಿ ನಲವತ್ತು ವರ್ಷ ಯೂಫೋನಿಯಂ ಊದಿದವರು. ಆಸ್ಪತ್ರೆಯ ಬಾಗಿಲಲ್ಲಿ ಬ್ಯಾಂಡ್ ನುಡಿಸುತ್ತಿದ್ದುದು ಮೇಲಕ್ಕೂ ಕೇಳುತ್ತಿತ್ತು. ಆಕ್ಸಿಜನ್ ಮಾಸ್ಕ್ ಹಾಕಿಕೊಂಡೇ ಅವರು ಹೊದಿಕೆಯ ಮೇಲೆ ಮೂರು ಬೆರಳುಗಳನ್ನು ಒತ್ತುತ್ತಿದ್ದರು. "ನಿಮ್ಮ ಯಾರ್ಕ್‌ಷೈರಿನ ಹಾಡಲ್ಲವೇ?" ಎಂದೆ. ಮಾಸ್ಕ್ ಸರಿಸಿ, "ಅಲ್ಲ ಡಾಕ್ಟರೇ, ಅದು ಫ್ರೆಂಚರದು. ಉಸಿರು ಮಾತ್ರ ನಮ್ಮದು" ಎಂದರು.

ರೋಗಿಯ ಹಿಸ್ಟರಿ ಕೇಳುವುದು ನನ್ನ ವೃತ್ತಿಯ ಚಾಳಿ. ಸಂಗೀತಶಾಸ್ತ್ರ ಬಲ್ಲವನಲ್ಲದಿದ್ದರೂ ಆ ಹಾಡುಗಳ ಹಿಸ್ಟರಿಯನ್ನು ಹುಡುಕತೊಡಗಿದೆ. ಸಿಕ್ಕಿದ್ದನ್ನು ನಮ್ಮ ಸಂಘದ ಓದುಗರ ಮುಂದಿಡುತ್ತಿದ್ದೇನೆ.

ಮೊದಲು ವಾದ್ಯಗಳ ವಿಷಯ. ಬೆಲ್ಜಿಯಂನ ದಿನಾಂ ಎಂಬ ಊರಿನಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ 1842ರಲ್ಲಿ ಪ್ಯಾರಿಸ್ಸಿಗೆ ಬಂದು ಕಾರ್ಖಾನೆ ಹಾಕಿದ. ಒಂದೇ ಬೆರಳುಗಾರಿಕೆಯಲ್ಲಿ ಸಣ್ಣದರಿಂದ ದೊಡ್ಡದರವರೆಗೆ ನುಡಿಸಬಹುದಾದ ಒಂದು ವಾದ್ಯ ಕುಟುಂಬವನ್ನೇ ರೂಪಿಸಿದ. ಅದೇ ಸ್ಯಾಕ್ಸ್‌ಹಾರ್ನ್. 1845ರ ಏಪ್ರಿಲ್ 22ರಂದು ಪ್ಯಾರಿಸ್ಸಿನ ಶಾಂ ದ ಮಾರ್ಸ್ ಮೈದಾನದಲ್ಲಿ ಹಳೆಯ ಮಾದರಿಯ ಸೈನಿಕ ಬ್ಯಾಂಡಿಗೂ ಸ್ಯಾಕ್ಸನ ಬ್ಯಾಂಡಿಗೂ ಬಹಿರಂಗ ಸ್ಪರ್ಧೆ ನಡೆದು, ಜನ ಸ್ಯಾಕ್ಸನಿಗೇ ಜೈ ಎಂದರು. ಫ್ರೆಂಚ್ ಸೈನ್ಯವೂ ಅವನ ವಾದ್ಯಗಳನ್ನು ಒಪ್ಪಿಕೊಂಡಿತು. ಅಷ್ಟರಲ್ಲೇ ಡಿಸ್ಟಿನ್ ಎಂಬ ಇಂಗ್ಲಿಷ್ ವಾದಕ ಕುಟುಂಬ ಆ ವಾದ್ಯಗಳನ್ನು ಬ್ರಿಟನ್ನಿಗೆ ತಂದಿತ್ತು. ಗಿರಣಿ, ಗಣಿಗಳ ಕಾರ್ಮಿಕರು ಬೇಗ ಕಲಿಯಲು ಅವು ಹೇಳಿ ಮಾಡಿಸಿದಂತಿದ್ದವು. 1853ರಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂನಲ್ಲಿ ಬ್ಯಾಂಡ್ ಸ್ಪರ್ಧೆ ಶುರುವಾಯಿತು. 1855ರಲ್ಲಿ ಬ್ಲ್ಯಾಕ್ ಡೈಕ್ ಗಿರಣಿಯ ಬ್ಯಾಂಡ್ ಹುಟ್ಟಿತು. ಸಾಲ್ವೇಷನ್ ಆರ್ಮಿಯವರಿಗೆ ಬೀದಿಯಲ್ಲಿ ಹಿತ್ತಾಳೆ ವಾದ್ಯ ಊದುವ ಪದ್ಧತಿ ಬಂದದ್ದು 1878ರಲ್ಲಿ, ಸಾಲ್ಸ್‌ಬರಿಯ ಫ್ರೈ ಎಂಬ ಕಟ್ಟಡ ಕಂಟ್ರಾಕ್ಟರ್ ಮತ್ತು ಅವನ ಮೂವರು ಗಂಡುಮಕ್ಕಳಿಂದ.

ಇನ್ನು ಹಾಡುಗಳು. ಹದಿನಾರನೇ ಶತಮಾನದಿಂದಲೂ ಫ್ರಾನ್ಸಿನಲ್ಲಿ "ನೊಯೆಲ್" ಹಾಡುಗಳ ಪುಸ್ತಕಗಳು ಅಚ್ಚಾಗುತ್ತಿದ್ದವು. ಅವುಗಳಲ್ಲಿ ಅನೇಕ ವೇಳೆ ಸ್ವರಲಿಪಿ ಇರುತ್ತಿರಲಿಲ್ಲ. ಮಾತು ಮಾತ್ರ ಅಚ್ಚು ಮಾಡಿ, ಮೇಲೆ "ಇಂಥ ಹಾಡಿನ ಧಾಟಿಯಲ್ಲಿ" ಎಂದು ಬರೆಯುತ್ತಿದ್ದರು. ಆ ಧಾಟಿ ಪ್ರೇಮಗೀತೆಯದೋ ಕುಣಿತದ್ದೋ ಆಗಿರಬಹುದು. ನಮ್ಮ ಹಳೆಯ ಕಂಪನಿ ನಾಟಕಗಳ ಹಾಡಿನ ಪುಸ್ತಕ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿಯೂ ಹಾಡಿನ ತಲೆಯ ಮೇಲೆ "ಮಟ್ಟು" ಎಂದು ಬರೆದು ಯಾವುದೋ ಜನಪ್ರಿಯ ಹಾಡಿನ ಹೆಸರು ಕೊಡುತ್ತಿದ್ದರಲ್ಲವೇ?

"ಇಲ್ ಎ ನೇ" ಎಂಬ ಪ್ರಸಿದ್ಧ ಹಾಡಿನ ಮಟ್ಟು ಬೇಟೆಯ ಕೊಂಬಿನದು. ಕವಾಟಗಳಿಲ್ಲದ ಆ ಕೊಂಬಿನಲ್ಲಿ ಹೊರಡುವ ಸ್ವರಗಳು ಕೆಲವೇ. ಆದ್ದರಿಂದಲೇ ಮಟ್ಟು ಅಷ್ಟು ಸರಳ, ಕಾರ್ನೆಟ್ಟಿಗೂ ಸಲೀಸು. ಪ್ರೊವಾನ್ಸ್ ಪ್ರಾಂತದ "ರಾಜರ ಮೆರವಣಿಗೆ" ನಿಜಕ್ಕೂ ಸೈನಿಕ ಮಾರ್ಚ್. 1675ರಲ್ಲಿ ಯುದ್ಧದಲ್ಲಿ ಸತ್ತ ತುರೆನ್ ಎಂಬ ಸೇನಾನಿಯ ಹೆಸರು ಆ ಮಟ್ಟಿಗೆ ಅಂಟಿಕೊಂಡಿದೆ. ಅದಕ್ಕೆ ಮೂವರು ಜ್ಞಾನಿಗಳ ಕಥೆ ಹೊಂದಿಸಿದವರು ಒಬ್ಬ ಹಳ್ಳಿಯ ಪಾದ್ರಿ ಎಂಬುದು ಪ್ರತೀತಿ. 1872ರಲ್ಲಿ ಬಿಜೆ "ಲಾರ್ಲೆಸಿಯೆನ್" ನಾಟಕದ ಸಂಗೀತಕ್ಕೆ ಅದನ್ನು ಬಳಸಿಕೊಂಡ. ನಾಟಕ ಬಿದ್ದುಹೋಯಿತು, ಸಂಗೀತ ಉಳಿಯಿತು. ಬಿಜೆ 1875ರಲ್ಲೇ ತೀರಿಕೊಂಡ. ಅವನ ಗೆಳೆಯ ಗಿರೋ 1879ರಲ್ಲಿ ಆ ಸಂಗೀತದಿಂದ ಜೋಡಿಸಿದ "ಫಾರಾಂಡೋಲ್" ಇಂದಿಗೂ ಬ್ಯಾಂಡುಗಳ ಅಚ್ಚುಮೆಚ್ಚು.

"ಓ ಹೋಲಿ ನೈಟ್" ಬರೆದವನು ಪಾದ್ರಿಯಲ್ಲ, ರೋಕ್‌ಮೋರ್ ಎಂಬ ಊರಿನ ದ್ರಾಕ್ಷಾರಸದ ವ್ಯಾಪಾರಿ ಪ್ಲಾಸಿದ್ ಕಾಪೊ. 1847ರಲ್ಲಿ ಅದಕ್ಕೆ ರಾಗ ಕೂಡಿಸಿದವನು "ಜಿಸೆಲ್" ಬ್ಯಾಲೆಯ ಅಡಾಲ್ಫ್ ಆಡಂ. ಬರೆದವನು ಚರ್ಚಿಗೆ ಬೇಡವಾದವನು, ರಾಗ ನಾಟಕಶಾಲೆಯದು ಎಂದು ಕೆಲವು ಧರ್ಮಗುರುಗಳು ಮೂಗು ಮುರಿದರು. ಜನ ಬಿಡಲಿಲ್ಲ.

ನಮ್ಮ ಯಾರ್ಕ್‌ಷೈರಿನ ನಂಟೂ ಒಂದಿದೆ. ಶೆಫೀಲ್ಡಿನ ಕವಿ ಜೇಮ್ಸ್ ಮಾಂಟ್‌ಗೊಮರಿ 1816ರ ಕ್ರಿಸ್‌ಮಸ್ ಹಿಂದಿನ ದಿನ ತನ್ನ "ಐರಿಸ್" ಪತ್ರಿಕೆಯಲ್ಲಿ ದೇವದೂತರ ಮೇಲೆ ಒಂದು ಹಾಡು ಅಚ್ಚು ಮಾಡಿದ. ಬ್ರಿಟನ್ನಿನಲ್ಲಿ ಅದನ್ನು ಹಾಡುವುದು ಫ್ರೆಂಚ್ ಮಟ್ಟಿನಲ್ಲಿ. ಆ ಮಟ್ಟಿಗೆ ಇಲ್ಲಿನ ಪುಸ್ತಕಗಳಲ್ಲಿ ಪತ್ರಿಕೆಯ ಹೆಸರನ್ನೇ ಇಟ್ಟಿದ್ದಾರೆ. ನನ್ನ ರೋಗಿ ಬೆರಳು ಒತ್ತುತ್ತಿದ್ದುದು ಇದಕ್ಕೇ.

ನನ್ನ ಮನಸ್ಸನ್ನು ಬಹಳ ತಟ್ಟಿದ್ದು "ಓ ಕಮ್, ಓ ಕಮ್, ಇಮ್ಯಾನ್ಯುಯೆಲ್". ಈ ಮಟ್ಟನ್ನು 1854ರಲ್ಲಿ ಥಾಮಸ್ ಹೆಲ್ಮೋರ್ ಲಂಡನ್ನಿನಲ್ಲಿ ಪ್ರಕಟಿಸಿದಾಗ ಅದರ ಮೂಲ ಎಲ್ಲಿಯದು ಎಂದು ಯಾರಿಗೂ ಖಚಿತವಿರಲಿಲ್ಲ. 1966ರಲ್ಲಿ ಮೇರಿ ಬೆರಿ ಎಂಬ ವಿದುಷಿ, ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದ್ದ ಹದಿನೈದನೇ ಶತಮಾನದ ಹಸ್ತಪ್ರತಿಯಲ್ಲಿ ಅದನ್ನು ಕಂಡರು. ಫ್ರೆಂಚ್ ಸಂನ್ಯಾಸಿನಿಯರು ಶವಸಂಸ್ಕಾರದ ಮೆರವಣಿಗೆಯಲ್ಲಿ ಹಾಡುತ್ತಿದ್ದ ಮಟ್ಟು ಅದು! ಸಾವಿನ ಹಾಡು ಹುಟ್ಟಿಗಾಗಿ ಕಾಯುವ ಹಾಡಾಯಿತು.

ಬ್ಯಾಂಡಿಗೆ ಇವನ್ನು ಹೊಂದಿಸುವ ಕ್ರಮವೂ ಸೊಗಸು. ಹಾಡಿನ ನಾಲ್ಕು ದನಿಗಳಲ್ಲಿ ಮೇಲಿನದು ಕಾರ್ನೆಟ್ಟಿಗೆ, ಒಳದನಿಗಳು ಟೆನರ್ ಹಾರ್ನ್, ಬ್ಯಾರಿಟೋನ್, ಟ್ರಾಂಬೋನುಗಳಿಗೆ, ಕೆಳಗಿನದು ದಪ್ಪ ಬಾಸ್ ವಾದ್ಯಗಳಿಗೆ. ಯೂಫೋನಿಯಂ ಒಮ್ಮೆ ಕೆಳಗಿನವರ ಜೊತೆ, ಒಮ್ಮೆ ಮುಖ್ಯ ರಾಗದ ಜೊತೆ. ಮಾತಿಲ್ಲದ ಕಾರಣ, ಚರಣ ಎಲ್ಲಿ ಮುಗಿಯಿತೆಂದು ಉಸಿರು ತೆಗೆದುಕೊಳ್ಳುವ ಜಾಗವೇ ಹೇಳಬೇಕು. ಮಾರ್ಚ್ ಆದರೆ ದೊಡ್ಡ ಡ್ರಮ್ ಹೆಜ್ಜೆ ಹಿಡಿಯುತ್ತದೆ.

ಇದನ್ನೆಲ್ಲ ಇಲ್ಲೇಕೆ ಬರೆದೆನೆಂದರೆ, ನನ್ನ ಮಗಳು ಶಾಲೆಯ ಬ್ಯಾಂಡಿನಲ್ಲಿ ಕಾರ್ನೆಟ್ ಹಿಡಿದಾಗ ನಮ್ಮ ಹಿರಿಯರೊಬ್ಬರು, "ಏನಪ್ಪಾ, ಮಗಳಿಗೆ ಚರ್ಚಿನ ಹಾಡು ಕಲಿಸುತ್ತಿದ್ದೀಯಾ? ನಮ್ಮದು ಮರೆತುಹೋದೀತು" ಎಂದಿದ್ದರು. ಅವರ ಕಾಳಜಿ ಸುಳ್ಳಲ್ಲ. ನನಗೂ ಆ ಅಳುಕಿತ್ತು, ಆಗ ಉತ್ತರ ತೋಚಲಿಲ್ಲ. ಈಗ ಹೇಳುತ್ತೇನೆ.

ನಮ್ಮ ಗಣೇಶ ಹಬ್ಬದಲ್ಲಿ ಪುಟ್ಟ ಮಕ್ಕಳು ಹಾಡುವ "ಶಕ್ತಿ ಸಹಿತ ಗಣಪತಿಂ" ಮುತ್ತುಸ್ವಾಮಿ ದೀಕ್ಷಿತರ ನೋಟ್ಟುಸ್ವರ. ಮದರಾಸಿನಲ್ಲಿ ಕಂಪನಿಯ ಬ್ಯಾಂಡಿನವರು ನುಡಿಸುತ್ತಿದ್ದ ಮಟ್ಟುಗಳಿಗೆ ದೀಕ್ಷಿತರು ಸಂಸ್ಕೃತ ಸಾಹಿತ್ಯ ಕೂಡಿಸಿದರು. ಈ ಗಣಪತಿಯ ಹಾಡಿನ ಮೂಲ ಒಂದು ಫ್ರೆಂಚ್ ಕುಣಿತದ ಹಾಡೆಂದು ವಿದ್ವಾಂಸರು ಗುರುತಿಸಿದ್ದಾರೆ. ದೀಕ್ಷಿತರ ಕರ್ನಾಟಕ ಸಂಗೀತಕ್ಕೆ ಅದರಿಂದ ಏನೂ ಕೊರತೆಯಾಗಲಿಲ್ಲ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದೇ ಸ್ಯಾಕ್ಸನ ಇನ್ನೊಂದು ವಾದ್ಯವನ್ನು ಕೇಳಿ ಮನಸೋತ ನಮ್ಮ ಕದ್ರಿ ಗೋಪಾಲನಾಥರು, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸ್ಯಾಕ್ಸೊಫೋನಿನ ಮೇಲೆ ನುಡಿಸಿದ್ದು ಕರ್ನಾಟಕ ಸಂಗೀತವನ್ನೇ.

ಆ ಹಿರಿಯ ರೋಗಿ ಮುಂದಿನ ಕ್ರಿಸ್‌ಮಸ್ ಕಾಣಲಿಲ್ಲ. ಮಗಳು ಈಗ ಕಾರ್ನೆಟ್ಟಿನಲ್ಲಿ ಶೆಫೀಲ್ಡಿನ ಆ ಹಾಡನ್ನೂ ನುಡಿಸುತ್ತಾಳೆ, "ಶಕ್ತಿ ಸಹಿತ ಗಣಪತಿಂ" ಅನ್ನೂ ನುಡಿಸುತ್ತಾಳೆ. ಸಂಕ್ರಾಂತಿ ಕಾರ್ಯಕ್ರಮಕ್ಕೆ ಸಮಿತಿಯವರು ಐದು ನಿಮಿಷ ಕೊಟ್ಟರೆ ಎಲ್ಲರೂ ಕೇಳಬಹುದು. ಈ ಬಾರಿ ಮಾರುಕಟ್ಟೆಯಲ್ಲಿ ಬ್ಯಾಂಡ್ ಕಂಡರೆ ದಯವಿಟ್ಟು ಒಂದು ಹಾಡು ಪೂರ್ತಿ ಮುಗಿಯುವವರೆಗೆ ನಿಲ್ಲಿ.