ಬೀಸುಕಲ್ಲಿಗೆ ಹೇಳಿಕೊಂಡದ್ದು

1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕ ಹೊರಬಂತು. ಅದನ್ನು ಹೊರತಂದವರು ಬಿಜಾಪುರ ಸೀಮೆಯ ಹಲಸಂಗಿ ಎಂಬ ಸಣ್ಣ ಊರಿನ ಗೆಳೆಯರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾ ಇವರೆಲ್ಲ ಆ ಬಳಗದವರು. ಹೊಸಗನ್ನಡ ಕಾವ್ಯ ಇಂಗ್ಲಿಷಿನ ಭಾವಗೀತೆಗಳತ್ತ ಕಣ್ಣು ನೆಟ್ಟಿದ್ದ ಕಾಲ ಅದು. ಈ ಗೆಳೆಯರು ತಮ್ಮ ಮನೆಯ ಒಳಗಿನಿಂದ, ನೆರೆಮನೆಯ ಪಡಸಾಲೆಯಿಂದ ಬರುತ್ತಿದ್ದ ಹೆಂಗಸರ ಪದಗಳಿಗೆ ಕಿವಿಗೊಟ್ಟರು, ಬರೆದುಕೊಂಡರು. ಅಲ್ಲಿಂದ ಮುಂದೆ ಕನ್ನಡದಲ್ಲಿ ಜನಪದ ಗೀತೆಯನ್ನು ಬಿಟ್ಟು ಸಾಹಿತ್ಯದ ಚರಿತ್ರೆ ಬರೆಯುವುದು ಸಾಧ್ಯವಾಗಲಿಲ್ಲ.

ಈ ಹಾಡುಗಳನ್ನು ನಾವು ಹೆಚ್ಚಾಗಿ ಕಾವ್ಯವೆಂದು ಓದಿದ್ದೇವೆ. ಉಪಮೆ ಎಷ್ಟು ಚೆಂದ, ತವರಿನ ಚಿತ್ರ ಎಷ್ಟು ಹೃದ್ಯ ಎಂದು ತರಗತಿಗಳಲ್ಲಿ ಪಾಠ ಮಾಡಿದ್ದೇವೆ. ಆದರೆ ಹಾಡಿದವರು ಕಾವ್ಯ ಕಟ್ಟಲು ಕೂತವರಲ್ಲ. ಅವರು ಜೋಳ ಬೀಸಲು ಕೂತವರು, ರಾಗಿ ಬೀಸಲು ಕೂತವರು. ಕೈಗೆ ಕೆಲಸವಿದ್ದ ಹೊತ್ತಿನಲ್ಲಿ ಬಾಯಿಗೆ ಪದ ಯಾಕೆ ಬೇಕಾಯಿತು? ಆ ಪದ ಅವರ ಮನಸ್ಸಿಗೆ ಏನು ಮಾಡಿಕೊಟ್ಟಿತು? ಮನಸ್ಸಿನ ಆರೋಗ್ಯ, ಸಂಗೀತ ಚಿಕಿತ್ಸೆ ಎಂಬ ಮಾತುಗಳು ಬಳಕೆಗೆ ಬರುವ ಎಷ್ಟೋ ಮೊದಲೇ ನಮ್ಮ ಹಳ್ಳಿಯ ಹೆಂಗಸರು ಹಾಡಿನಿಂದ ಅಂಥದೊಂದು ಕೆಲಸ ಮಾಡಿಸಿಕೊಂಡಿದ್ದರು. ಅದರ ಚರಿತ್ರೆಯನ್ನು ಆ ಕಣ್ಣಿನಿಂದಲೂ ಒಮ್ಮೆ ನೋಡಬೇಕು.

ಮೊದಲು ಕಲ್ಲಿನ ಮಾತು. ಬೀಸುಕಲ್ಲೆಂದರೆ ಒಂದರ ಮೇಲೊಂದು ಕೂತ ಎರಡು ದುಂಡು ಕಲ್ಲುಗಳು. ಕೆಳಗಿನದು ಅಲ್ಲಾಡುವುದಿಲ್ಲ, ಮೇಲಿನದು ನಡುಗೂಟದ ಸುತ್ತ ತಿರುಗುತ್ತದೆ. ಮೇಲಿನ ಕಲ್ಲಿನ ನಡುವಿನ ಬಾಯಿಗೆ ಒಂದು ಕೈಯಿಂದ ಕಾಳು ಹಾಕುತ್ತ, ಇನ್ನೊಂದು ಕೈಯಿಂದ ಮರದ ಹಿಡಿ ಹಿಡಿದು ತಿರುಗಿಸಬೇಕು. ಒಬ್ಬರಿಗೆ ಭಾರವಾದ ಕೆಲಸ. ಅದಕ್ಕೇ ಎಷ್ಟೋ ಮನೆಗಳಲ್ಲಿ ಇಬ್ಬರು ಎದುರುಬದುರು ಕೂತು ಬೀಸುತ್ತಿದ್ದರು: ಅತ್ತೆ-ಸೊಸೆ, ಓರಗಿತ್ತಿಯರು, ಅಕ್ಕ-ತಂಗಿ, ಇಲ್ಲವೇ ನೆರೆಮನೆಯಾಕೆ. ಹೊತ್ತು ನಸುಕು. ಗಂಡಸರು ಇನ್ನೂ ಮಲಗಿರುವಾಗ, ಕೋಳಿ ಕೂಗುವ ಆಚೀಚೆ. ಆ ದಿನದ ರೊಟ್ಟಿಗೆ, ಮುದ್ದೆಗೆ ಬೇಕಾದ ಹಿಟ್ಟು ಆ ದಿನವೇ ಆಗಬೇಕು. ಮನೆ ತುಂಬ ಜನರಿದ್ದರೆ ಕಲ್ಲಿನ ಮುಂದೆ ತಾಸುಗಟ್ಟಲೆ ಕೂರಬೇಕು.

ಈ ಕೆಲಸಕ್ಕೆ ಹಾಡು ಜೊತೆಯಾದದ್ದು ನಿನ್ನೆ ಮೊನ್ನೆಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ, ಮಹಾರಾಷ್ಟ್ರದ ಹೆಂಗಸರು ಕಾಳು ಕುಟ್ಟುವಾಗ ‘ಓವಿ’ ಹಾಡುತ್ತಾರೆಂಬ ಮಾತು ಬರುತ್ತದೆ. ಆನೆ, ಅಡುಗೆ, ಸುಗಂಧ, ಆಟಪಾಟಗಳನ್ನೆಲ್ಲ ಬರೆದಿಟ್ಟ ಅರಸನ ಕಿವಿಗೆ ಒನಕೆಯ ಪಕ್ಕದ ಹಾಡೂ ಬಿದ್ದಿತ್ತು. ಓವಿಗೆ ಹತ್ತಿರದ ನಂಟಿರುವ ನಮ್ಮ ತ್ರಿಪದಿ ಇನ್ನೂ ಹಳೆಯದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಅಂದರೆ ಸುಮಾರು ಕ್ರಿ.ಶ. 700ರಲ್ಲಿ, ಅದು ಕಲ್ಲಿನ ಮೇಲೆ ಸಿಗುತ್ತದೆ. ಬಂಡೆಯ ಮೇಲೆ ವೀರನ ಗುಣ ಹೇಳಿದ ಛಂದಸ್ಸೇ ಬೀಸುಕಲ್ಲಿನ ಮುಂದೆ ಹೆಣ್ಣಿನ ದುಃಖವನ್ನೂ ಹೇಳಿತು. 12ನೇ ಶತಮಾನದ ಶರಣೆಯರಲ್ಲಿ ಒಬ್ಬಾಕೆಯ ಹೆಸರೇ ಕೊಟ್ಟಣದ ಸೋಮಮ್ಮ. ಕೊಟ್ಟಣ ಕುಟ್ಟುವುದು, ಎಂದರೆ ಭತ್ತ ಕುಟ್ಟುವುದು, ಆಕೆಯ ಕಾಯಕ. ದುಡಿಯುವ ಕೈಗೂ ಮಾತಾಡುವ ಬಾಯಿಗೂ ಇದ್ದ ನಂಟಿಗೆ ಆ ಹೆಸರೂ ಒಂದು ಗುರುತು.

ತ್ರಿಪದಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಛಂದಸ್ಸು. ಮೂರೇ ಸಾಲು, ಹನ್ನೊಂದು ಗಣ. ಹಾಡುವಾಗ ನಡುವಿನ ಸಾಲಿನ ಒಂದಿಷ್ಟು ಭಾಗ ಮರುಕಳಿಸುತ್ತದೆ. ಹಾಡುವಾಕೆಗೆ ಅಲ್ಲಿ ಉಸಿರು ತೆಗೆದುಕೊಳ್ಳಲು ಬಿಡುವು, ಮೂರನೆಯ ಸಾಲನ್ನು ಕಟ್ಟಿಕೊಳ್ಳಲು ಗಳಿಗೆ. ಒಂದು ಪದ ಮುಗಿದರೆ ಒಂದು ಮಾತು ಮುಗಿದಂತೆ. ಬೇಕಿದ್ದರೆ ಇನ್ನೊಂದು, ಸಾಕಾದರೆ ಅಲ್ಲಿಗೇ ಬಿಡಬಹುದು. ಓದುಬರಹವಿಲ್ಲದವರೂ ಹೊಸ ಪದ ಕಟ್ಟಬಹುದು. ಹಳೆಯ ಪದದಲ್ಲಿ ಅಣ್ಣನ ಹೆಸರು ಬದಲಿಸಿ, ಊರಿನ ಹೆಸರು ಬದಲಿಸಿ ತನ್ನದು ಮಾಡಿಕೊಳ್ಳಬಹುದು.

ಇಲ್ಲೇ ಈ ಹಾಡಿನ ದೊಡ್ಡ ಉಪಕಾರ ಇರುವುದು. ಗಂಡನ ಮನೆಗೆ ಬಂದ ಹುಡುಗಿಗೆ ಬಾಯಿಬಿಟ್ಟು ಹೇಳಲಾಗದ ಮಾತು ಬೆಟ್ಟದಷ್ಟಿತ್ತು. ತವರು ನೆನಪಾಗುತ್ತದೆ ಎನ್ನುವಂತಿಲ್ಲ, ಗಂಡ ಬೇರೆ ಕಡೆ ನಡೆದ ಎನ್ನುವಂತಿಲ್ಲ, ಮಕ್ಕಳಾಗಲಿಲ್ಲವೆಂದು ಚುಚ್ಚುತ್ತಾರೆ ಎನ್ನುವಂತಿಲ್ಲ, ಸತ್ತ ಕೂಸಿಗಾಗಿ ವರ್ಷಗಟ್ಟಲೆ ಅಳುವಂತಿಲ್ಲ. ಆದರೆ ಇದೆಲ್ಲ ಬೀಸುವ ಪದಗಳಲ್ಲಿದೆ. ಬಂಜೆತನದ ನೋವಿದೆ, ಅತ್ತೆಯ ಬಿರುನುಡಿ ಇದೆ, ಕರೆಯಲು ಬಾರದ ಅಣ್ಣನ ಮೇಲಿನ ಮುನಿಸಿದೆ, ಹೆಣ್ಣಾಗಿ ಹುಟ್ಟಿದ್ದರ ಬಗ್ಗೆಯೇ ತಕರಾರಿದೆ. ಎದುರಿಗೆ ಕೂತು ಕಲ್ಲಿನ ಹಿಡಿ ಹಿಡಿದಾಕೆ ಅತ್ತೆಯೇ ಆಗಿದ್ದರೂ ಸೊಸೆ ಇದನ್ನು ಹಾಡಬಹುದಿತ್ತು. ಯಾಕೆಂದರೆ ಅದು ಅವಳ ಮಾತಲ್ಲ, ಪದ. ಹಿಂದಿನಿಂದ ಬಂದದ್ದು, ಎಲ್ಲರೂ ಹಾಡುವುದು. ಅತ್ತೆಯೂ ಒಂದು ಕಾಲಕ್ಕೆ ಸೊಸೆಯಾಗಿ ಅದನ್ನೇ ಹಾಡಿದವಳು. ನೋವು ನನ್ನದು, ಮಾತು ಊರಿನದು. ಈ ಮರೆಯಿಂದಾಗಿ ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು. ಪುಸ್ತಕದ ಹೆಸರಿನಲ್ಲಿರುವ ‘ಗರತಿ’ ತಲೆ ತಗ್ಗಿಸಿ ನಡೆಯುವವಳು. ಹಾಡಿನಲ್ಲಿರುವವಳು ತಲೆ ಎತ್ತಿ ಕೇಳುವವಳು. ಇಬ್ಬರೂ ಒಬ್ಬಳೇ.

ಹಾಡಿಕೊಳ್ಳಲು ಮನುಷ್ಯರೇ ಸಿಗದಿದ್ದರೆ ಕಲ್ಲಂತೂ ಇತ್ತು. ಕಲ್ಲನ್ನು ದೇವರಂತೆ, ತಾಯಿಯಂತೆ ಕರೆಯುವ ಪದಗಳಿವೆ. ಬೀಸಿ ಮುಗಿದ ಮೇಲೆ, ಬಿಟ್ಟು ಏಳುತ್ತೇನೆಂದು ಕೋಪ ಮಾಡಿಕೊಳ್ಳಬೇಡ ಎಂದು ಅದನ್ನು ಒಲಿಸಿಕೊಳ್ಳುವ ಪದಗಳೂ ಇವೆ. ದಿನವೂ ಕೇಳಿಸಿಕೊಂಡು, ಯಾರಿಗೂ ಹೇಳದ ಗೆಳತಿ ಅದು.

ಹಾಡದೆ ಒಳಗೇ ಇಟ್ಟುಕೊಂಡರೆ ಏನಾಗುತ್ತದೆ ಎಂಬುದನ್ನೂ ನಮ್ಮ ಜನ ಯೋಚಿಸಿದ್ದರು. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಕಥೆಯೊಂದಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಆಕೆ ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಕಟ್ಟಿದ ಅವು ಒಂದು ದಿನ ಆಕೆ ಮಲಗಿದ್ದಾಗ ತಪ್ಪಿಸಿಕೊಂಡು ಹೊರಬಂದವು. ಕಥೆ ಜೋಡಾಗಿ ಬಾಗಿಲ ಬಳಿ ಕೂತಿತು, ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ನೇತುಬಿತ್ತು. ಮನೆಗೆ ಬಂದ ಗಂಡ ಇದು ಯಾರದು ಎಂದು ಕೇಳಿದ. ಅವಳಿಗೆ ಗೊತ್ತಿಲ್ಲ. ಜಗಳವಾಗಿ, ಅವನು ಮುನಿಸಿಕೊಂಡು ಹನುಮಂತನ ಗುಡಿಗೆ ಮಲಗಲು ಹೋದ. ಊರಿನ ಮನೆಗಳಲ್ಲಿ ಆರಿಸಿದ ದೀಪಗಳ ಕುಡಿಗಳೆಲ್ಲ ರಾತ್ರಿ ಆ ಗುಡಿಗೆ ಬಂದು ಹರಟೆ ಹೊಡೆಯುತ್ತವೆ. ತಡವಾಗಿ ಬಂದ ಅವನದೇ ಮನೆಯ ದೀಪ ಇದ್ದ ಸಂಗತಿ ಹೇಳಿತು. ಗಂಡ ಮನೆಗೆ ಬಂದು ಆ ಕಥೆ, ಆ ಹಾಡು ಯಾವುದೆಂದು ಕೇಳಿದ. ಅಷ್ಟರಲ್ಲಿ ಅವಳಿಗೆ ಎರಡೂ ಮರೆತುಹೋಗಿದ್ದವು. ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ ದೀಪದ ಕುಡಿಗಳು ಗುಡಿಯಲ್ಲಿ ಸೇರುವ ದೃಶ್ಯದ ಬೇರು ಈ ಕಥೆಯಲ್ಲಿದೆ.

ಹಾಡದ ಹಾಡು ಮನೆಯೊಳಗೆ ಅಪರಿಚಿತನ ಅಂಗಿಯಾಗಿ ನೇತಾಡುತ್ತದೆ! ಹೇಳದ ಮಾತು ಬೇರೆ ರೂಪದಲ್ಲಿ ಎದುರಾಗಿ ಮನೆ ಕೆಡಿಸುತ್ತದೆ ಎಂಬ ಮನಶ್ಶಾಸ್ತ್ರದ ಮಾತನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ದೂರದ ನಾಡುಗಳಲ್ಲಿಯೂ ಇಂಥದೇ ಸಂಗತಿ ಕಂಡುಬಂದಿದೆ. ಮಾನವಶಾಸ್ತ್ರಜ್ಞೆ ಲೀಲಾ ಅಬು-ಲುಘೋದ್ ಈಜಿಪ್ಟಿನ ಬೆದೂಯಿನ್ ಜನರ ನಡುವೆ ಇದ್ದು 1986ರಲ್ಲಿ ಒಂದು ಪುಸ್ತಕ ಬರೆದರು. ಅಲ್ಲಿ ಮಾತಿನಲ್ಲಿ ನೋವು ತೋರಿಸುವುದು ಮರ್ಯಾದೆಗೆ ಕುಂದು. ಮಾತಿನಲ್ಲಿ ‘ನನಗೇನೂ ಆಗಿಲ್ಲ’ ಎನ್ನುವವರೇ ಆಪ್ತರ ನಡುವೆ ಚುಟುಕು ಹಾಡುಗಳಲ್ಲಿ ಒಡೆದ ಮನಸ್ಸನ್ನು ತೆರೆದಿಡುತ್ತಾರೆ. ಹಾಡಿನ ಹೊದಿಕೆ ಇರುವುದರಿಂದ ಮರ್ಯಾದೆಯೂ ಉಳಿಯುತ್ತದೆ. ಇನ್ನು ದೇಹದ ಮಾತು. 2013ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು ಒಟ್ಟಿಗೆ ಹಾಡುವವರ ಎದೆಬಡಿತ ಅಳೆದರು. ಹಾಡಿನ ಸಾಲು ಉಸಿರನ್ನು ನಿಧಾನ ಮಾಡುತ್ತದೆ, ಉಸಿರು ಎದೆಬಡಿತವನ್ನು ಹಿಡಿತಕ್ಕೆ ತರುತ್ತದೆ, ಹಾಡುವವರ ಎದೆಬಡಿತದ ಏರಿಳಿತ ಒಂದಕ್ಕೊಂದು ಹೊಂದಿಕೊಳ್ಳುತ್ತದೆ ಎಂದು ಕಂಡುಕೊಂಡರು. 2015ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಹಾಡಿನ ತರಗತಿಗೆ ಸೇರಿದವರನ್ನೂ ಕರಕುಶಲ, ಬರವಣಿಗೆ ತರಗತಿಗಳಿಗೆ ಸೇರಿದವರನ್ನೂ ಏಳು ತಿಂಗಳು ಗಮನಿಸಿದರು. ಕೊನೆಗೆ ಎಲ್ಲ ಗುಂಪಿನವರೂ ತಂತಮ್ಮಲ್ಲಿ ಹತ್ತಿರವಾಗಿದ್ದರು, ಆದರೆ ಹಾಡುವವರು ಬೇಗ ಹತ್ತಿರವಾಗಿದ್ದರು. ಬೀಸುಕಲ್ಲಿನ ಎದುರುಬದುರು ಕೂತು, ಒಂದೇ ಹಿಡಿ ಹಿಡಿದು, ಒಂದೇ ಲಯಕ್ಕೆ ಬಾಗಿ ಎದ್ದು ಹಾಡುತ್ತಿದ್ದ ಇಬ್ಬರು ಹೆಂಗಸರನ್ನು ಯಾರೂ ಅಳೆಯಲಿಲ್ಲ. ಆದರೆ ಈ ಫಲಿತಾಂಶಗಳನ್ನು ಕೇಳಿದ್ದರೆ ಅವರಿಗೆ ಆಶ್ಚರ್ಯವಾಗುತ್ತಿರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾದೀತು. ಬೀಸುವುದು ಸುಖದ ಕೆಲಸವಲ್ಲ. ಬಸುರಿಯೂ ಬೀಸಬೇಕಿತ್ತು, ಜ್ವರ ಬಂದವಳೂ ಬೀಸಬೇಕಿತ್ತು. ಅಂಗೈ ಬೊಬ್ಬೆಯೇಳುವ, ರಟ್ಟೆ ಬೀಳುವ ದುಡಿಮೆಯನ್ನು ಹಾಡಿನ ಚೆಂದದಲ್ಲಿ ಮರೆಸಬಾರದು. ಇನ್ನೂ ಕಟುವಾದ ಪ್ರಶ್ನೆಯೊಂದಿದೆ. ನಸುಕಿನಲ್ಲಿ ಹಾಡಿ ಹಗುರಾದವಳು ಬೆಳಗಾದ ಮೇಲೆ ಅದೇ ಮನೆಯಲ್ಲಿ ಅದೇ ಮಾತು ಕೇಳುತ್ತ ಬದುಕಿದಳಲ್ಲವೇ? ಹಾಡು ಆಕೆಯನ್ನು ಕಾಪಾಡಿತೋ, ಅನ್ಯಾಯವನ್ನು ಕಾಪಾಡಿತೋ?

ಎರಡನ್ನೂ ಎನ್ನುವುದೇ ಪ್ರಾಮಾಣಿಕ ಉತ್ತರ. ಹಾಡು ಗಾಯ ಮಾಡಿದವರನ್ನು ತಡೆಯಲಿಲ್ಲ. ಗಾಯವಾದವಳನ್ನು ಮೂಕಿಯಾಗಲು ಬಿಡಲಿಲ್ಲ. ಮೂಕಿಯಾಗದವಳು ಮುಂದೊಂದು ದಿನ ಹೊರಗೂ ಮಾತಾಡಬಲ್ಲಳು. ಅಂಕೋಲಾ ಸೀಮೆಯ ಬಡಿಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಇದಕ್ಕೆ ಸಾಕ್ಷಿ. 2017ರಲ್ಲಿ ಪದ್ಮಶ್ರೀ ಪಡೆದು 2025ರಲ್ಲಿ ತೀರಿಕೊಂಡ ಈ ಅಜ್ಜಿ ಸಾವಿರಾರು ಪದಗಳನ್ನು ನೆನಪಿನಲ್ಲಿ ಹೊತ್ತಿದ್ದವರು. ಕುಡಿತದಿಂದ ಮನೆಗಳು ಹಾಳಾಗುವುದನ್ನು ಕಂಡು ಸಾರಾಯಿಯ ವಿರುದ್ಧ ತಮ್ಮೂರಿನ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದವರೂ ಅವರೇ. ಪದ ಹಾಡುವ ಗಂಟಲಿಗೂ ಪ್ರತಿಭಟಿಸುವ ಗಂಟಲಿಗೂ ಅವರಲ್ಲಿ ಭೇದವಿರಲಿಲ್ಲ.

ಕಳೆದ ಶತಮಾನದ ನಡುವಿನಿಂದ ಹಳ್ಳಿಗಳಿಗೆ ಹಿಟ್ಟಿನ ಗಿರಣಿ ಬಂತು. ಮೊದಲು ಎಣ್ಣೆಯ ಎಂಜಿನ್ನಿನದು, ಆಮೇಲೆ ಕರೆಂಟಿನದು. ಡಬ್ಬದಲ್ಲಿ ಕಾಳು ಹೊತ್ತು ಹೋಗಿ ಹಿಟ್ಟು ತರುವುದು ರೂಢಿಯಾಯಿತು. ರಟ್ಟೆಗೆ ಬಿಡುಗಡೆ ಸಿಕ್ಕಿತು. ಸಿಗಬೇಕಾಗಿದ್ದ ಬಿಡುಗಡೆಯೇ ಅದು. ಕಲ್ಲು ಹಿತ್ತಲಿಗೆ ಹೋಯಿತು. ಕಲ್ಲಿನ ಜೊತೆ ನಸುಕಿನ ಆ ಹೊತ್ತು, ಎದುರಿಗೆ ಕೂತ ಜೊತೆಗಾತಿ, ಯಾರೂ ತಡೆಯದ ಆ ಪದ ಎಲ್ಲವೂ ಎದ್ದು ಹೋದವು. ಗಿರಣಿಯ ಮುಂದೆ ಸಾಲಿನಲ್ಲಿ ನಿಂತು ಹಾಡಲಾಗುವುದಿಲ್ಲ, ಅದರ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳಿಸುವುದಿಲ್ಲ. ನೆರೆಯ ಮಹಾರಾಷ್ಟ್ರದಲ್ಲಿ ಹೇಮಾ ರೈರ್ಕರ್ ಮತ್ತು ಗೀ ಪ್ವಾತ್ವಾ ಊರೂರು ಸುತ್ತಿ ಒಂದು ಲಕ್ಷಕ್ಕೂ ಹೆಚ್ಚು ಬೀಸುವ ಪದಗಳನ್ನು ಕೂಡಿಹಾಕುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಕಲ್ಲಿನ ಸದ್ದು ನಿಂತಿತ್ತು. ಹೆಂಗಸರು ನೆನಪಿನಿಂದ ಹಾಡಬೇಕಾಯಿತು. ಹಲಸಂಗಿ ಗೆಳೆಯರ ಪುಸ್ತಕದಲ್ಲಿಯೂ ನಮಗೆ ಉಳಿದಿರುವುದು ಪದಗಳ ಅಕ್ಷರ ಮಾತ್ರ. ಧ್ವನಿ ಉಳಿದಿಲ್ಲ, ಹಾಡಿದವರ ಹೆಸರುಗಳು ಉಳಿದಿಲ್ಲ.

ಈ ಚರಿತ್ರೆ ಒಂದು ಮಾತನ್ನು ಸ್ಪಷ್ಟ ಮಾಡುತ್ತದೆ. ಆ ಹೆಂಗಸರಿಗೆ ಸಮಾಧಾನ ಕೊಟ್ಟದ್ದು ರಾಗ ಒಂದೇ ಅಲ್ಲ. ದಿನವೂ ತಪ್ಪದೆ ಸಿಗುವ ಒಂದು ಹೊತ್ತಿತ್ತು, ಕೈಗೆ ಲಯವಿತ್ತು, ಕೇಳಲು ಒಬ್ಬಳಿದ್ದಳು, ನೋವನ್ನು ಎಲ್ಲರದ್ದಾಗಿ ಹೇಳುವ ಒಂದು ಮಾತಿನ ಕಟ್ಟಿತ್ತು. ಇವೆಲ್ಲ ಕೂಡಿದಾಗ ಹಾಡು ಮದ್ದಾಯಿತು. ಇಂದು ನಮ್ಮ ಕಿವಿಯಲ್ಲಿ ಇಡೀ ಲೋಕದ ಸಂಗೀತವಿದೆ. ಅದು ದುಃಖದ ಗಳಿಗೆಯಲ್ಲಿ ಜೊತೆ ಕೊಡುವುದೂ ನಿಜ. ಖಿನ್ನತೆ ಆಳವಾದಾಗ ವೈದ್ಯರ ಬಳಿ ಹೋಗಲೇಬೇಕೆಂಬುದೂ ನಿಜ. ಆದರೆ ನಾವು ಹೆಚ್ಚಾಗಿ ಕೇಳುವವರಾಗಿದ್ದೇವೆ, ಅದೂ ಒಬ್ಬೊಬ್ಬರೇ. ನಮ್ಮ ಪದವನ್ನು ನಾವೇ ಹಾಡುವುದು, ಎದುರಿಗಿರುವವರು ಅದಕ್ಕೆ ದನಿಗೂಡಿಸುವುದು ಕಡಿಮೆಯಾಗಿದೆ.

ಬೀಸುಕಲ್ಲನ್ನು ಮತ್ತೆ ಒಳಗೆ ತರಬೇಕಾಗಿಲ್ಲ. ಅದನ್ನು ಹೊರಗೆ ಇಟ್ಟಾಗ ಖಾಲಿಯಾದ ಜಾಗದಲ್ಲಿ ಏನನ್ನು ಇಡಬೇಕೆಂದು ಯಾರೂ ಯೋಚಿಸಿರಲಿಲ್ಲ. ಅಜ್ಜಿಯರಿಗೆ ಇನ್ನೂ ಒಂದೆರಡು ಪದ ನೆನಪಿರುವ ಮನೆಗಳಿವೆ. ಅಲ್ಲಿ ಕೂತು ಕೇಳುವವರಿಗೆ ಪದದ ಜೊತೆ ಇನ್ನೊಂದೂ ಸಿಕ್ಕೀತು: ಹೇಳಲಾಗದ್ದನ್ನು ಹೇಳುವ ಒಂದು ದಾರಿ.