ಬೇಡದ ಶ್ರುತಿ

ಮನೆಯ ಟೆಲಿವಿಷನ್ನಿಗೆ ಹೊರಗಿನಿಂದ ಧ್ವನಿವರ್ಧಕವೊಂದನ್ನು ಜೋಡಿಸಿದವರಲ್ಲಿ ಅನೇಕರಿಗೆ ಈ ಅನುಭವ ಆಗಿರುತ್ತದೆ. ಸಂಗೀತ ಕಚೇರಿಯನ್ನು ಕಿವಿ ತುಂಬ ಕೇಳೋಣವೆಂದು ತಂತಿ ಸಿಕ್ಕಿಸಿ ಕುಳಿತರೆ, ಗಾಯಕರು ಬಾಯಿ ತೆರೆಯುವ ಮೊದಲೇ ‘ಗುಂಯ್’ ಎಂದು ಒಂದು ನಾದ ಹೊರಡುತ್ತದೆ. ವೇದಿಕೆಯ ತಂಬೂರಿಯದಿರಬೇಕೆಂದು ಕೊಂಚ ಹೊತ್ತು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಕಚೇರಿ ಮುಗಿದು ವಾರ್ತೆ ಬಂದರೂ ಆ ಶ್ರುತಿ ನಿಲ್ಲುವುದಿಲ್ಲ. ಧ್ವನಿವರ್ಧಕವೇ ಕೆಟ್ಟದ್ದೆಂದು ಅಂಗಡಿಗೆ ಹಿಂದಿರುಗಿಸಲು ಹೋದರೆ, ಅಲ್ಲಿ ಅದು ಬಲು ಚೆನ್ನಾಗಿ ಹಾಡುತ್ತದೆ! ಹಾಗಾದರೆ ದೋಷವಿರುವುದೆಲ್ಲಿ? ಉತ್ತರಕ್ಕಾಗಿ ನಾವು ಟೆಲಿಫೋನಿನ ಬಾಲ್ಯಕಾಲಕ್ಕೆ ಹೋಗಬೇಕು.

ವಿದ್ಯುತ್ತಿನ ಸ್ವಭಾವ ಎಲ್ಲರಿಗೂ ತಿಳಿದದ್ದೇ. ಹೊರಟ ಪ್ರವಾಹ ಹೊರಟಲ್ಲಿಗೇ ಮರಳಬೇಕು. ಹೋಗಲೊಂದು ದಾರಿ, ಬರಲೊಂದು ದಾರಿ ಬೇಕು. ೧೮೩೮ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಸ್ಟೈನ್‌ಹೈಲ್ ಎಂಬ ವಿಜ್ಞಾನಿ, ಮರಳುವ ದಾರಿಗೆ ತಂತಿಯೇ ಬೇಡ, ಭೂಮಿಯೇ ಸಾಕು ಎಂಬುದನ್ನು ಟೆಲಿಗ್ರಾಫಿನಲ್ಲಿ ತೋರಿಸಿಕೊಟ್ಟನು. ಅರ್ಧದಷ್ಟು ತಂತಿಯ ವೆಚ್ಚ ಉಳಿಯಿತು. ೧೮೭೬ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಮಹಾಶಯನ ಟೆಲಿಫೋನು ಬಂದಾಗ ಅದೂ ಈ ಅಗ್ಗದ ದಾರಿಯನ್ನೇ ಹಿಡಿಯಿತು.

ಆದರೆ ಟೆಲಿಗ್ರಾಫಿನ ಕಟ್ಟು-ಕಡ ಸದ್ದಿಗೆ ಒಪ್ಪುತ್ತಿದ್ದ ಈ ಏರ್ಪಾಡು ಟೆಲಿಫೋನಿನ ಸೂಕ್ಷ್ಮ ಕಿವಿಗೆ ಒಗ್ಗಲಿಲ್ಲ. ಅದೇ ಕಂಬದ ಮೇಲಿನ ಟೆಲಿಗ್ರಾಫ್ ತಂತಿಯ ಟಕಟಕ, ನೆರೆಯ ತಂತಿಯಲ್ಲಿ ನಡೆಯುತ್ತಿದ್ದ ಯಾರದೋ ವ್ಯವಹಾರದ ಮಾತು, ದೂರದ ಸಿಡಿಲಿನ ಚಟಪಟ, ಎಲ್ಲವೂ ಅದರಲ್ಲಿ ಕೇಳಿಸತೊಡಗಿದವು. ಭೂಮಿ ಎಲ್ಲರ ಸೊತ್ತು. ಎಲ್ಲರೂ ತುಳಿಯುವ ಹಾದಿಯಲ್ಲಿ ಗುಟ್ಟಿನ ಮಾತು ಆಡುವುದೆಂತು?

ಪರಿಹಾರವನ್ನೂ ಬೆಲ್ ಮಹಾಶಯನೇ ಸೂಚಿಸಿದನು. ೧೮೮೧ರಲ್ಲಿ ಅವನು ಪಡೆದ ಪೇಟೆಂಟಿನ ಸಾರವಿದು: ಹೋಗಲೂ ಬರಲೂ ಬೇರೆ ಬೇರೆ ತಂತಿಗಳಿರಲಿ, ಅವೆರಡನ್ನೂ ಜಡೆಯಂತೆ ಹೊಸೆಯಿರಿ. ಆಗ ಹೊರಗಿನ ಗದ್ದಲ ಎರಡು ತಂತಿಗಳ ಮೇಲೂ ಸಮನಾಗಿ ಬೀಳುತ್ತದೆ. ಟೆಲಿಫೋನು ಕೇಳುವುದು ಎರಡರ ನಡುವಣ ವ್ಯತ್ಯಾಸವನ್ನು ಮಾತ್ರ. ಗದ್ದಲದಲ್ಲಿ ವ್ಯತ್ಯಾಸವಿಲ್ಲವಾದ್ದರಿಂದ ಅದು ಕಳೆದುಹೋಗುತ್ತದೆ. ಜೆ. ಜೆ. ಕಾರ್ಟಿ ಎಂಬ ತರುಣನು ಅದೇ ದಶಕದ ಆರಂಭದಲ್ಲಿ ಎರಡು ತಂತಿಯ ಮಾರ್ಗವನ್ನು ಪ್ರಯೋಗಿಸಿ, ದೂರದ ಮಾತು ನಿಶ್ಶಬ್ದದಲ್ಲಿ ಕೇಳಿಬರುವುದನ್ನು ತೋರಿಸಿದನು. ಮುಂದೆ ಅವನು ಅಮೆರಿಕದ ದೊಡ್ಡ ಟೆಲಿಫೋನ್ ಸಂಸ್ಥೆಯ ಮುಖ್ಯ ಇಂಜಿನಿಯರನಾದನು. ಆದರೆ ತಂತಿ ಎರಡಾದರೆ ಖರ್ಚೂ ಎರಡರಷ್ಟು! ಕಂಪೆನಿಗಳು ಹಿಂದುಮುಂದು ನೋಡಿದವು.

ಅವನ್ನು ಅವಸರಪಡಿಸಿದ್ದು ವಿದ್ಯುತ್ ಟ್ರಾಮು. ೧೮೮೮ರಲ್ಲಿ ಅಮೆರಿಕದ ರಿಚ್ಮಂಡ್ ನಗರದಲ್ಲಿ ಫ್ರಾಂಕ್ ಸ್ಪ್ರೇಗ್‌ನು ಟ್ರಾಮ್ ಗಾಡಿಗಳನ್ನು ಯಶಸ್ವಿಯಾಗಿ ಓಡಿಸಿದ ಮೇಲೆ ಊರೂರಿಗೂ ಅವು ಬಂದವು. ಅವುಗಳ ಪ್ರವಾಹ ಹಳಿಯ ಮೂಲಕ ಮರಳುವಾಗ ಮಣ್ಣಿಗೂ ಸೋರುತ್ತಿತ್ತು. ಪಕ್ಕದ ಟೆಲಿಫೋನುಗಳಲ್ಲಿ ಮಾತಿಗೆ ಬದಲು ಗೊರಗೊರ ಸದ್ದು! ಓಹಿಯೋ ಸಂಸ್ಥಾನದಲ್ಲಿ ವ್ಯಾಜ್ಯ ಉಚ್ಚ ನ್ಯಾಯಸ್ಥಾನದವರೆಗೂ ಹೋಯಿತು. ೧೮೯೧ರಲ್ಲಿ ತೀರ್ಪು ಟ್ರಾಮಿನ ಪರವಾಗಿ ಬಂದಿತು. ಬೀದಿ ಇರುವುದು ಮುಖ್ಯವಾಗಿ ಸಂಚಾರಕ್ಕೆ; ಟೆಲಿಫೋನಿನವರು ತಮ್ಮ ರಕ್ಷಣೆಯನ್ನು ತಾವೇ ನೋಡಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ವಿಧಿಯಿಲ್ಲದೆ ಎರಡನೆಯ ತಂತಿ ಬಂದಿತು. ಹಳೆಯ ಒಂಟಿ ತಂತಿಯನ್ನು ಹೊಸ ಜೋಡಿ ತಂತಿಗೆ ಕೂಡಿಸುವಲ್ಲಿ ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇಟ್ಟರು. ಅದು ಮಾತನ್ನು ದಾಟಿಸುತ್ತಿತ್ತು. ಭೂಮಿಯ ಸಂಬಂಧವನ್ನು ಮಾತ್ರ ಕಡಿಯುತ್ತಿತ್ತು.

ರೇಡಿಯೋ ಬಂದಾಗ ಇದೇ ಪಾಠವನ್ನು ಇನ್ನೊಮ್ಮೆ ಕಲಿಯಬೇಕಾಯಿತು. ಬ್ಯಾಟರಿಯಿಂದ ನಡೆಯುತ್ತಿದ್ದಷ್ಟು ದಿನ ಗುಂಯ್‌ಗುಟ್ಟದಿದ್ದ ಪೆಟ್ಟಿಗೆಗಳು ಮನೆಯ ವಿದ್ಯುತ್ತಿಗೆ ಜೋಡಿಸಿದೊಡನೆ ಗುಂಯ್‌ಗುಟ್ಟಿದವು. ನಮ್ಮ ದೇಶದಲ್ಲಿ ಈ ಪ್ರವಾಹ ಸೆಕೆಂಡಿಗೆ ೫೦ ಆವರ್ತ ತೂಗುತ್ತದೆ. ಪೆಟ್ಟಿಗೆಯೊಳಗೆ ಅದನ್ನು ಏಕಮುಖ ಮಾಡುವಾಗ ಸೆಕೆಂಡಿಗೆ ೧೦೦ರ ಕಂಪನವೂ ಹುಟ್ಟುತ್ತದೆ. ೧೯೨೫ರಲ್ಲಿ ರೈಸ್ ಮತ್ತು ಕೆಲಾಗ್ ಎಂಬವರು ರೂಪಿಸಿದ ಧ್ವನಿವರ್ಧಕದ ಮಾದರಿಯೇ ಇಂದಿಗೂ ಬಳಕೆಯಲ್ಲಿದೆ. ಅದರ ಹಿಂದಿನ ದಿನಗಳ ವಿದ್ಯುದಯಸ್ಕಾಂತಕ್ಕೆ ರೇಡಿಯೋದ ಪ್ರವಾಹವನ್ನೇ ಕೊಡುತ್ತಿದ್ದುದರಿಂದ ಗುಂಯ್‌ಕಾರ ಅಲ್ಲಿಯೂ ನುಗ್ಗುತ್ತಿತ್ತು. ಆಗ ವಿರುದ್ಧ ದಿಕ್ಕಿನಲ್ಲಿ ವರ್ತಿಸುವ ಇನ್ನೊಂದು ಸಣ್ಣ ಸುರುಳಿಯನ್ನು ಸೇರಿಸಿ, ಗದ್ದಲವನ್ನು ಗದ್ದಲದಿಂದಲೇ ಅಳಿಸಿದರು. ಬೆಲ್ ಮಹಾಶಯನ ಯುಕ್ತಿಗೆ ಇದು ಸೋದರಸಂಬಂಧಿ.

ಈಗ ನಮ್ಮ ಮನೆಗೆ ಬರೋಣ. ಟೆಲಿವಿಷನ್ನಿಗೆ ಬರುವ ಕೇಬಲ್ಲಿನ ಹೊರಕವಚ ಎಲ್ಲಿಯೋ ಒಂದೆಡೆ ಭೂಮಿಗೆ ಮುಟ್ಟಿರುತ್ತದೆ. ಧ್ವನಿವರ್ಧಕದ ಮೂರು ಮೊಳೆಯ ಪ್ಲಗ್ಗು ಇನ್ನೊಂದೆಡೆ ಮುಟ್ಟಿರುತ್ತದೆ. ಎರಡು ಎಡೆಗಳೂ ಸಮನಾಗಿಲ್ಲದಿದ್ದರೆ, ಆ ವ್ಯತ್ಯಾಸದ ಪ್ರವಾಹ ನಾವು ಸಿಕ್ಕಿಸಿದ ಹಾಡಿನ ತಂತಿಯ ಮೂಲಕವೇ ಹರಿಯುತ್ತದೆ. ಹಳೆಯ ಟ್ರಾಮಿನ ಕಥೆಯೇ ಮನೆಯೊಳಗೆ ನಡೆದಂತೆ! ಅಂಗಡಿಯಲ್ಲಿ ಆ ಕೇಬಲ್ಲು ಇರಲಿಲ್ಲ. ಆದ್ದರಿಂದ ಗದ್ದಲವೂ ಇರಲಿಲ್ಲ.

ಪರೀಕ್ಷೆ ಸುಲಭ. ಟೆಲಿವಿಷನ್ನಿನಿಂದ ಕೇಬಲ್ಲನ್ನು ಕ್ಷಣಕಾಲ ಬಿಡಿಸಿ ನೋಡಿ. ಸದ್ದು ನಿಂತರೆ ಕಳ್ಳ ಸಿಕ್ಕಿದನು. ಮೊದಲು ಎಲ್ಲ ಉಪಕರಣಗಳಿಗೂ ಒಂದೇ ಬೋರ್ಡಿನಿಂದ ವಿದ್ಯುತ್ತು ಕೊಡಿ. ಸಾಲದಿದ್ದರೆ ಹಾಡಿನ ತಂತಿಯ ನಡುವೆ ಸಣ್ಣ ಟ್ರಾನ್ಸ್‌ಫಾರ್ಮರ್ ಇಡಿಸಿ. ಟೆಲಿಫೋನಿನವರು ಅಂದು ಇಟ್ಟದ್ದು ಅದನ್ನೇ. ಆದರೆ ಪ್ಲಗ್ಗಿನ ಮೂರನೆಯ ಮೊಳೆಯನ್ನು ಮಾತ್ರ ಕೀಳಬೇಡಿ. ಹಾಗೆ ಮಾಡಿದರೆ ಗದ್ದಲ ನಿಂತೀತು. ಆದರೆ ಒಳಗಿನ ತಂತಿ ಸಡಿಲಿ ಪೆಟ್ಟಿಗೆಗೆ ತಗುಲಿದ ದಿನ ಮನೆಯ ಮಗುವನ್ನು ಕಾಯುವುದು ಆ ಮೊಳೆಯೇ. ಗುಂಯ್ ಎನ್ನದೆ ‘ಸುಯ್’ ಎಂದಷ್ಟೇ ಕೇಳಿಸಿದರೆ, ಟೆಲಿವಿಷನ್ನಿನ ಧ್ವನಿಯನ್ನು ಏರಿಸಿ ಧ್ವನಿವರ್ಧಕದ್ದನ್ನು ಇಳಿಸಿ ನೋಡಿ.

೧೯೮೩ರಲ್ಲಿ ಜಪಾನಿನ ತೋಷಿಬಾ ಸಂಸ್ಥೆಯವರು ಧ್ವನಿಯನ್ನು ಬೆಳಕಾಗಿಸಿ ಸಣ್ಣ ಎಳೆಯೊಂದರಲ್ಲಿ ಕಳುಹಿಸುವ ವಿಧಾನವನ್ನು ಹೊರತಂದರು. ಎರಡೂ ಪೆಟ್ಟಿಗೆಗಳಲ್ಲಿ ಅದಕ್ಕೆ ದ್ವಾರವಿದ್ದರೆ ಈ ತೊಂದರೆಯೇ ಇಲ್ಲ. ಬೆಳಕಿಗೆ ಮರಳುವ ದಾರಿಯೇ ಬೇಡ. ಸ್ಟೈನ್‌ಹೈಲ್ ಉಳಿಸಿದ ಒಂದು ತಂತಿಯ ಸಾಲ ಅಲ್ಲಿಗೆ ತೀರಿದಂತಾಯಿತು.