ದಾರಾಸಿಂಗ್ ಗೊತ್ತು, ಗರಡಿ ಗೊತ್ತೆ?

ಕುಸ್ತಿಯ ವಿಷಯದಲ್ಲಿ ಬೆಂಗಳೂರಿನವರ ತಿಳಿವಳಿಕೆ ಒಂದು ವಿಚಿತ್ರ. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಅರವತ್ತು ದಾಟಿದ ಯಾರನ್ನಾದರೂ ನಿಲ್ಲಿಸಿ ಒಬ್ಬ ಪೈಲ್ವಾನನ ಹೆಸರು ಹೇಳಿ ಎಂದರೆ ದಾರಾಸಿಂಗ್ ಎಂಬ ಉತ್ತರ ತಟ್ಟನೆ ಬರುತ್ತದೆ. ಇನ್ನೊಂದು ಹೆಸರು ಎಂದರೆ ಕಿಂಗ್‌ಕಾಂಗ್. ನಲವತ್ತರ ಆಸುಪಾಸಿನವರು ಹಲ್ಕ್ ಹೋಗನ್ ಎನ್ನುತ್ತಾರೆ, ಅಂಡರ್‌ಟೇಕರ್ ಎನ್ನುತ್ತಾರೆ. ಅವರಿಗಿಂತ ಚಿಕ್ಕವರ ಬಾಯಲ್ಲಿ ಖಲಿಯ ಹೆಸರಿದೆ. ಇವರಲ್ಲಿ ಬಹುಪಾಲು ಮಂದಿ ಆ ಪೈಲ್ವಾನರನ್ನು ಕಣ್ಣಾರೆ ಕಂಡವರಲ್ಲ. ಕುಸ್ತಿಯ ಒಂದು ಪಟ್ಟಿನ ಹೆಸರನ್ನೂ ಹೇಳಲಾರರು. ಅದೇ ಜನರನ್ನು ನಿಮ್ಮ ಮನೆಗೆ ಹತ್ತಿರದ ಗರಡಿ ಎಲ್ಲಿದೆ ಎಂದು ಕೇಳಿ ನೋಡಿ. ಹತ್ತರಲ್ಲಿ ಒಬ್ಬರು ಉತ್ತರಿಸಿದರೆ ಹೆಚ್ಚು.

ಆದರೆ ಇವರಾಡುವ ಕನ್ನಡಕ್ಕೆ ಕುಸ್ತಿ ಚೆನ್ನಾಗಿ ಗೊತ್ತು. ನಮ್ಮ ಪತ್ರಿಕೆಗಳ ರಾಜಕೀಯ ಸುದ್ದಿಯ ತಲೆಬರಹಗಳನ್ನೇ ತೆಗೆದುಕೊಳ್ಳಿ. ಒಬ್ಬ ನಾಯಕ ಇನ್ನೊಬ್ಬನಿಗೆ ಸೆಡ್ಡು ಹೊಡೆಯುತ್ತಾನೆ, ಚುನಾವಣೆಯ ಅಖಾಡಕ್ಕೆ ಇಳಿಯುತ್ತಾನೆ, ಟಿಕೆಟ್ಟಿಗಾಗಿ ಪಟ್ಟು ಹಿಡಿಯುತ್ತಾನೆ, ಹೈಕಮಾಂಡ್ ಕರೆದರೆ ಪಟ್ಟು ಸಡಿಲಿಸುತ್ತಾನೆ, ಕೊನೆಗೆ ಮಣ್ಣು ಮುಕ್ಕುತ್ತಾನೆ. ಸೋತ ಮೇಲೆ ಆತ ಕೊಡುವ ಹೇಳಿಕೆಗೆ, ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಸಿದ್ಧವಾಗಿಯೇ ಇದೆ. ಸೆಡ್ಡು ಎಂದರೆ ಎದುರಾಳಿಯನ್ನು ಕರೆಯುವಾಗ ತೋಳು ತೊಡೆಗಳನ್ನು ತಟ್ಟುವ ಸದ್ದು. ಅದನ್ನು ಒಮ್ಮೆಯೂ ಕೇಳದವರು ದಿನಕ್ಕೆ ನಾಲ್ಕು ಬಾರಿ ಓದುತ್ತಾರೆ. ಒಂದು ಕಾಲಕ್ಕೆ ಕುಸ್ತಿ ಎಲ್ಲರಿಗೂ ಗೊತ್ತಿದ್ದ ಸಂಗತಿಯಾಗಿತ್ತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

ಇಂದು ವೃತ್ತಿಪರ ಕುಸ್ತಿ ಎಂದರೆ ನಮ್ಮ ಕಣ್ಣಿಗೆ ಬರುವುದು ಟಿವಿಯಲ್ಲಿ ಹಗ್ಗದ ನಡುವೆ ಕುರ್ಚಿ ಎತ್ತಿ ಬಡಿದಾಡುವ ದೃಶ್ಯ. ಆದರೆ ಕುಸ್ತಿಯನ್ನೇ ಕಸುಬು ಮಾಡಿಕೊಂಡವರು ಕನ್ನಡ ನಾಡಿಗೆ ಹೊಸಬರಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳಲ್ಲೊಂದಾಗಿ ಮಲ್ಲವಿನೋದವಿದೆ, ಮಲ್ಲರ ತರಗತಿ, ಅವರ ಊಟ, ಅಭ್ಯಾಸ ಎಲ್ಲವನ್ನೂ ಅವನು ವಿವರಿಸಿದ್ದಾನೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಮಹಾನವಮಿಯ ಕಾಳಗ ಕಂಡು ಬೆರಗಾದ. ತಮ್ಮ ದೇಶದ ಕುಸ್ತಿಯಂತಲ್ಲ ಇದು, ಹಲ್ಲು ಉದುರುವ, ಕಣ್ಣು ಹೋಗುವ ಹೊಡೆತಗಳು ಎಂದು ಅವನು ದಾಖಲಿಸಿದ್ದಾನೆ. ಆ ಸಂಪ್ರದಾಯವನ್ನು ಮೈಸೂರಿನ ಒಡೆಯರು ಮುಂದುವರಿಸಿದರು. ಅರಮನೆಯ ಆಶ್ರಯದಲ್ಲಿ ವಂಶಪಾರಂಪರ್ಯವಾಗಿ ಇದನ್ನೇ ಮಾಡಿಕೊಂಡು ಬಂದ ಜಟ್ಟಿಗಳು, ಮಾತಿನ ನಿಜವಾದ ಅರ್ಥದಲ್ಲಿ, ವೃತ್ತಿಪರರು.

ಕೀರ್ತಿಯ ಆಸೆ ಆಗಲೂ ಇತ್ತು. ರಣಧೀರ ಕಂಠೀರವನ ಕಥೆ ಯಾರಿಗೆ ಗೊತ್ತಿಲ್ಲ? ತಿರುಚಿನಾಪಳ್ಳಿಯ ಜಟ್ಟಿಯೊಬ್ಬ ತನ್ನ ಚಲ್ಲಣವನ್ನು ಊರಬಾಗಿಲಿಗೆ ತೂಗುಹಾಕಿದ್ದನಂತೆ. ಊರೊಳಗೆ ಬರುವವರು ಅದರ ಕೆಳಗೆ ತಲೆತಗ್ಗಿಸಿ ನಡೆಯಬೇಕು, ಇಲ್ಲವೇ ಅವನೊಡನೆ ಸೆಣಸಬೇಕು. ಕಂಠೀರವ ವೇಷ ಮರೆಸಿಕೊಂಡು ಹೋಗಿ ಕತ್ತಿಯ ಕಾಳಗದಲ್ಲಿ ಅವನನ್ನು ಮುಗಿಸಿ ಬಂದನೆಂಬುದು ಐತಿಹ್ಯ. 1638ರಿಂದ 1659ರವರೆಗೆ ಆಳಿದ ಈ ದೊರೆ ತನ್ನ ಹೆಸರಿನ ನಾಣ್ಯ ಅಚ್ಚುಹಾಕಿಸಿದವನು, ಬಿಜಾಪುರದ ಸೈನ್ಯವನ್ನು ಹಿಮ್ಮೆಟ್ಟಿಸಿದವನು. ಆದರೂ ಜನ ನೆನಪಿಟ್ಟುಕೊಂಡದ್ದು ಚಲ್ಲಣದ ಕಥೆಯನ್ನು. 1960ರಲ್ಲಿ ರಾಜ್‌ಕುಮಾರ್ ಅಭಿನಯದ ‘ರಣಧೀರ ಕಂಠೀರವ’ ಬಂದ ಮೇಲೆ ಆ ಹೆಸರು ಮತ್ತೆ ಮನೆಮಾತಾಯಿತು. ಚಲ್ಲಣವನ್ನು ಬಾಗಿಲಿಗೆ ಕಟ್ಟಿದ ಆ ಜಟ್ಟಿಗೆ ಪ್ರಚಾರದ ಗುಟ್ಟು ಚೆನ್ನಾಗಿ ತಿಳಿದಿತ್ತು ಎನ್ನಬೇಕು. ಅಮೆರಿಕದ ಕುಸ್ತಿ ಕಂಪೆನಿಗಳು ಮೂರು ಶತಮಾನಗಳ ಬಳಿಕ ಮಾಡಿದ್ದೂ ಅದನ್ನೇ.

ಬೆಂಗಳೂರಿನ ಕುಸ್ತಿ ಬೆಳೆದದ್ದು ಪೇಟೆಯಲ್ಲಿ. ಕಬ್ಬನ್‌ಪೇಟೆ, ನಗರ್ತಪೇಟೆ, ತಿಗಳರಪೇಟೆಯ ಗಲ್ಲಿಗಳಲ್ಲಿ ಗರಡಿಮನೆಗಳಿದ್ದವು. ದಪ್ಪ ಗೋಡೆ, ಬಗ್ಗಿಯೇ ಒಳಹೋಗಬೇಕಾದ ಗಿಡ್ಡ ಬಾಗಿಲು, ಬೆಳಕು ಕಡಿಮೆ, ಗೋಡೆಯ ಮೇಲೆ ಆಂಜನೇಯ. ನೆಲದಲ್ಲಿ ಜರಡಿ ಹಿಡಿದ ಕೆಮ್ಮಣ್ಣು. ಅದಕ್ಕೆ ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದಮಾಡಿದ ಮಟ್ಟಿ. ಉಸ್ತಾದ್, ಪೈಲ್ವಾನ್, ಅಖಾಡ, ಲಂಗೋಟಿ ಎಂಬ ಮಾತುಗಳು ಎಲ್ಲೆಲ್ಲಿಂದಲೋ ಬಂದು ಆ ಮಣ್ಣಿನಲ್ಲಿ ಬೆರೆತು ಕನ್ನಡವಾದವು. ಚೈತ್ರ ಹುಣ್ಣಿಮೆಯ ಕರಗಕ್ಕೂ ಗರಡಿಗೂ ಹಳೆಯ ನಂಟು. ಧರ್ಮರಾಯಸ್ವಾಮಿ ದೇವಸ್ಥಾನದ ಕರಗ ಹೊರುವವರೂ ಕತ್ತಿ ಹಿಡಿದು ಕಾಯುವ ವೀರಕುಮಾರರೂ ಮೈಯನ್ನು ಹದಮಾಡಿಕೊಳ್ಳುತ್ತಿದ್ದುದು ಇಲ್ಲಿಯೇ. ಇಂಥ ಗರಡಿಯ ಉಸ್ತಾದನ ಹೆಸರು ನಾಲ್ಕು ಬೀದಿ ದಾಟಿ ಹೋಗುತ್ತಿರಲಿಲ್ಲ. ಆದರೆ ಆ ನಾಲ್ಕು ಬೀದಿಗಳಲ್ಲಿ ಅವನು ಯಾರ ಮಗ, ಏನು ಉಣ್ಣುತ್ತಾನೆ, ಯಾವ ಪಟ್ಟಿನಲ್ಲಿ ಗಟ್ಟಿಗ, ಯಾರ ಕೈಲಿ ಸೋತ ಎನ್ನುವುದೆಲ್ಲ ಎಲ್ಲರಿಗೂ ಗೊತ್ತಿರುತ್ತಿತ್ತು. ಕಾಲು ಉಳುಕಿದರೆ ಎಣ್ಣೆ ನೀವಿಸಿಕೊಳ್ಳಲು ಹೋಗುತ್ತಿದ್ದುದೂ ಅವನ ಬಳಿಗೇ.

ಬಡಾವಣೆಗಳ ಕಥೆ ಬೇರೆ. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರ ಪ್ಲೇಗಿನ ಬಳಿಕ ಬಸವನಗುಡಿ, ಮಲ್ಲೇಶ್ವರಗಳು ಬಂದವು. ಅಗಲ ರಸ್ತೆ, ಗಾಳಿ ಬೆಳಕಿನ ಮನೆ ಬೇಕೆಂದು ಬಂದ ವಕೀಲರು, ಮೇಷ್ಟರು, ಸರಕಾರಿ ನೌಕರರು ಪೇಟೆಯ ಗರಡಿಯನ್ನು ಜತೆಯಲ್ಲಿ ತರಲಿಲ್ಲ. ಅಲ್ಲಿನ ಹುಡುಗರಿಗೆ ದೇಹದಾರ್ಢ್ಯದ ಹುಚ್ಚು ಹಿಡಿಸಿದ್ದು ಬೇರೆ ಗಾಳಿ. ಜರ್ಮನಿಯ ಯುಜೀನ್ ಸ್ಯಾಂಡೋ 1904-05ರಲ್ಲಿ ಭಾರತ ಸುತ್ತಿ ಹೋಗಿದ್ದ. ಅವನ ಹೆಸರು ನಮ್ಮಲ್ಲಿ ಈಗ ಉಳಿದಿರುವುದು ತೋಳಿಲ್ಲದ ಸ್ಯಾಂಡೋ ಬನಿಯನ್ನಿನಲ್ಲಿ ಮಾತ್ರ. ಆದರೆ ಅವನು ಹರಡಿದ ತೂಕ ಎತ್ತುವ ವಿದ್ಯೆಗೆ ಬೆಂಗಳೂರಿನಲ್ಲಿ ಒಬ್ಬ ಘನವಾದ ಆಚಾರ್ಯ ಸಿಕ್ಕಿದರು. ಅವರು ಕೆ.ವಿ. ಅಯ್ಯರ್. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಪ್ರಕಟಿಸಿದ ಅಯ್ಯರ್, ಅಂಚೆಯ ಮೂಲಕವೂ ಅಂಗಸಾಧನೆ ಕಲಿಸುತ್ತಿದ್ದರು. ಈಗಿನ ಜೆ.ಸಿ. ರಸ್ತೆಯಲ್ಲಿದ್ದ ಅವರ ವ್ಯಾಯಾಮಶಾಲೆಗೂ ಚಾಮರಾಜಪೇಟೆಗೂ ಕಾಲ್ನಡಿಗೆಯ ದೂರ. ಕೈಲಾಸಂ ಅವರ ಆಪ್ತರಾಗಿದ್ದ, ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಈ ಅಯ್ಯರ್ ಬಲವನ್ನೂ ಸಾಹಿತ್ಯವನ್ನೂ ಒಂದೇ ಸೂರಿನಡಿ ಕೂರಿಸಿದರು. ಮಧ್ಯಮವರ್ಗದ ಹುಡುಗ ಮೈಗೆ ಮಣ್ಣು ಮೆತ್ತಿಕೊಳ್ಳದೆ ಬಲಶಾಲಿಯಾಗಲು ದಾರಿ ತೆರೆಯಿತು. ಆದರೆ ಅಲ್ಲಿ ಎದುರಾಳಿ ಇರಲಿಲ್ಲ, ಕನ್ನಡಿ ಇತ್ತು.

ಹಾಗೆಂದು ಬಡಾವಣೆಯವರಿಗೆ ಮಲ್ಲಯುದ್ಧದ ರುಚಿ ಇರಲಿಲ್ಲವೆಂದಲ್ಲ. ಮಳೆ ಬಾರದಿದ್ದರೆ ವಿರಾಟಪರ್ವ ಓದಿಸುವ ವಾಡಿಕೆ ನಮ್ಮದು. ಅಡುಗೆಭಟ್ಟನ ವೇಷದ ಭೀಮ ಜೀಮೂತನೆಂಬ ಜಟ್ಟಿಯನ್ನು ಕೆಡವುವುದು, ಕತ್ತಲಲ್ಲಿ ಕೀಚಕನನ್ನು ಹಿಸುಕುವುದು ಆ ಪರ್ವದ ಕಥೆ. ಗಮಕಿಯ ಬಾಯಿಂದ ಇವನ್ನು ಕೇಳಿದವರಿಗೆ ಮಟ್ಟಿಯ ವಾಸನೆ ಗೊತ್ತಿಲ್ಲದಿದ್ದರೂ ಕಾಳಗದ ಬಿಸಿ ಗೊತ್ತಿತ್ತು. ಮುಂದೆ ಬಂದ ದಾರಾಸಿಂಗನಿಗೆ ನೆಲ ಹದವಾದದ್ದು ಇಲ್ಲಿ ಎಂಬುದು ನನ್ನ ಊಹೆ.

ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ‘ಫ್ರೀಸ್ಟೈಲ್ ಕುಸ್ತಿ’ ಎಂಬ ಹೊಸ ಪದ ಚಲಾವಣೆಗೆ ಬಂತು. ಒಲಿಂಪಿಕ್ಸಿನಲ್ಲಿ ಆ ಹೆಸರಿನದೇ ಪ್ರಕಾರವೊಂದಿದೆ; ಜನ ಹೇಳುತ್ತಿದ್ದುದು ಅದನ್ನಲ್ಲ. ಟಿಕೆಟ್ ಕೊಂಡು ನೋಡುವ, ಭಾರಿ ಬಿರುದುಗಳ, ಯಾರು ಯಾರನ್ನು ಎತ್ತಿ ಎಲ್ಲಿಗೆ ಎಸೆದರೂ ನಡೆಯುವ ಆಟವನ್ನು. ಹಂಗೆರಿ ಮೂಲದ ಎಮಿಲ್ ಸಾಯಾ ಎಂಬ ದೈತ್ಯ ‘ಕಿಂಗ್‌ಕಾಂಗ್’ ಎಂಬ ಹೆಸರಿನಲ್ಲಿ ಏಷ್ಯಾದ ಊರೂರು ಸುತ್ತಿದ. ಪಂಜಾಬಿನ ದಾರಾಸಿಂಗ್ 1954ರಲ್ಲಿ ರುಸ್ತುಮ್-ಎ-ಹಿಂದ್ ಆದರು. 1959ರಲ್ಲಿ ಕಾಮನ್‌ವೆಲ್ತ್ ಪಟ್ಟ, 1968ರಲ್ಲಿ ಮುಂಬಯಿಯಲ್ಲಿ ಅಮೆರಿಕದ ಲೂ ಥೆಸ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್. ಕಿಂಗ್‌ಕಾಂಗ್ ಮತ್ತು ದಾರಾಸಿಂಗ್ ಸೆಣಸಾಟ ರಾಮ ರಾವಣರ ಯುದ್ಧದಷ್ಟೇ ಪ್ರಸಿದ್ಧವಾಯಿತು. 1962ರಲ್ಲಿ ‘ಕಿಂಗ್‌ಕಾಂಗ್’ ಎಂಬ ಹಿಂದಿ ಚಿತ್ರದಲ್ಲಿ ದಾರಾಸಿಂಗ್ ನಾಯಕರಾದ ಮೇಲೆ, ಕುಸ್ತಿಯ ಕಣದಿಂದ ಎಷ್ಟೋ ದೂರದಲ್ಲಿದ್ದವರಿಗೂ ಅವರ ಮುಖ ಪರಿಚಯವಾಯಿತು. ಗಮನಿಸಿ: ಕೀರ್ತಿ ತಂದದ್ದು ಸಿನಿಮಾ, ಕುಸ್ತಿಯ ಕಣವಲ್ಲ. ನಮ್ಮಲ್ಲೂ ಮೈಸೂರಿನ ಗರಡಿಯಲ್ಲಿ ಪಳಗಿದ ಎಂ.ಪಿ. ಶಂಕರ್ ಅವರನ್ನು ನಾಡು ಗುರುತಿಸಿದ್ದು ‘ಸತ್ಯ ಹರಿಶ್ಚಂದ್ರ’ದ ವೀರಬಾಹುವಾಗಿ, ಪೈಲ್ವಾನರಾಗಿ ಅಲ್ಲ.

1987ರಲ್ಲಿ ದೂರದರ್ಶನದ ‘ರಾಮಾಯಣ’ದಲ್ಲಿ ದಾರಾಸಿಂಗ್ ಹನುಮಂತನಾಗಿ ಕಾಣಿಸಿಕೊಂಡರು. ಭಾನುವಾರ ಬೆಳಗ್ಗೆ ಬೀದಿಗಳು ಖಾಲಿಯಾಗುತ್ತಿದ್ದ ದಿನಗಳವು. ಗರಡಿಯ ಗೋಡೆಯ ಮೇಲಿನ ಆಂಜನೇಯನಿಗೆ ಒಬ್ಬ ಫ್ರೀಸ್ಟೈಲ್ ಪೈಲ್ವಾನನ ಮುಖ ಬಂದುಬಿಟ್ಟಿತು! ಕನ್ನಡ ಮಾತಿನಲ್ಲಿ ದಾರಾಸಿಂಗ್ ಎಂಬುದು ಅಂಕಿತನಾಮವಾಗಿ ಉಳಿಯಲಿಲ್ಲ. ಗ್ಯಾಸ್ ಸಿಲಿಂಡರನ್ನು ಒಬ್ಬನೇ ಎತ್ತಿದವನೂ ದಾರಾಸಿಂಗ್, ಎತ್ತಲಾರದೆ ಉಸ್ಸೆಂದವನೂ, ವ್ಯಂಗ್ಯದಲ್ಲಿ, ದಾರಾಸಿಂಗ್.

ಆಮೇಲಿನದು ಕೇಬಲ್ ಟಿವಿಯ ಕಾಲ. ತೊಂಬತ್ತರ ದಶಕದಲ್ಲಿ ಮನೆಮನೆಗೆ ತಂತಿ ಎಳೆದ ಮೇಲೆ ಅಮೆರಿಕದ ಡಬ್ಲ್ಯುಡಬ್ಲ್ಯುಎಫ್ ಗಾಂಧಿಬಜಾರಿನ ಹಿಂದಿನ ಬೀದಿಗೂ ಬಂತು. ಅದಕ್ಕಿಂತ ಪರಿಣಾಮಕಾರಿಯಾಗಿ ಬಂದದ್ದು ಪೆಟ್ಟಿಗೆ ಅಂಗಡಿಗಳಲ್ಲಿ ಸಿಗುತ್ತಿದ್ದ ಟ್ರಂಪ್ ಕಾರ್ಡುಗಳು. ಪೈಲ್ವಾನನ ಚಿತ್ರ, ಕೆಳಗೆ ಎತ್ತರ, ತೂಕ, ಎದೆಯ ಸುತ್ತಳತೆ, ಆಡಿದ ಪಂದ್ಯ, ರ‍್ಯಾಂಕು. ಮಗ್ಗಿ ಮರೆಯುವ ಹುಡುಗರು ಯೊಕೊಜುನನ ತೂಕವನ್ನು ನಿದ್ದೆಯಲ್ಲೂ ಹೇಳುತ್ತಿದ್ದರು. ಕೇಬಲ್ ಇಲ್ಲದ ಮನೆಯ ಹುಡುಗನೂ ಕಾರ್ಡಿನಿಂದಲೇ ಪಂಡಿತನಾಗಬಹುದಿತ್ತು. ಅಂಡರ್‌ಟೇಕರ್ ಏಳು ಬಾರಿ ಸತ್ತು ಬದುಕಿದವನು ಎಂಬ ಪುರಾಣ ದೇಶದ ಶಾಲೆಗಳಲ್ಲೆಲ್ಲ ಹಬ್ಬಿತು.

ಇದೆಲ್ಲ ನಿಜವೋ ನಾಟಕವೋ ಎಂಬುದು ಹಿರಿಯರ ತಕರಾರು. ಅದರ ಉತ್ತರ ಆಗಲೇ ಬಂದಾಗಿತ್ತು. 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಶಾಸನಸಭೆಯ ಮುಂದೆ ಕಂಪೆನಿಯೇ ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿತ್ತು. ಹಾಗೆ ಒಪ್ಪಿಕೊಂಡರೆ ಕ್ರೀಡೆಗಿದ್ದ ಸರಕಾರಿ ನಿಯಂತ್ರಣದಿಂದ ಪಾರಾಗಬಹುದಿತ್ತು. ಫ್ರಾನ್ಸಿನ ಚಿಂತಕ ರೋಲಾಂ ಬಾರ್ತ್ 1957ರ ತನ್ನ ಪುಸ್ತಕದಲ್ಲೇ, ಇಂಥ ಕುಸ್ತಿ ನೋಡಲು ಬಂದವರಿಗೆ ಫಲಿತಾಂಶ ಪೂರ್ವನಿಶ್ಚಿತವೇ ಎಂಬ ಚಿಂತೆಯೇ ಇಲ್ಲ, ಅವರು ಬಂದಿರುವುದು ಪ್ರದರ್ಶನಕ್ಕೆ ಎಂದಿದ್ದ. ಬಯಲಾಟ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗದಾಯುದ್ಧದಲ್ಲಿ ತೊಡೆ ಮುರಿಯುವುದು ಯಾರದೆಂದು ಗೊತ್ತಿದ್ದೂ ನಾವು ಬೆಳಗಿನವರೆಗೆ ಕೂತಿರುತ್ತೇವೆ. ನನ್ನ ಮಟ್ಟಿಗೆ, ಟಿವಿ ಕುಸ್ತಿ ಸುಳ್ಳು ಎಂಬ ದೂರಿನಲ್ಲಿ ಹುರುಳಿಲ್ಲ. ತಕರಾರು ಇರುವುದು ಬೇರೆ ಕಡೆ.

2015ರಲ್ಲಿ ದೇಶದಲ್ಲಿ ಪ್ರೊ ರೆಸ್ಲಿಂಗ್ ಲೀಗ್ ಆರಂಭವಾಯಿತು. ಒಲಿಂಪಿಕ್ಸ್ ಮಟ್ಟದ ಪಟುಗಳು, ಹಣಕೊಟ್ಟು ಕಟ್ಟಿದ ತಂಡಗಳು, ನಾಟಕವಿಲ್ಲದ ನಿಜವಾದ ವೃತ್ತಿಪರ ಕುಸ್ತಿ. ಬೆಂಗಳೂರಿನ ಹೆಸರಿನದೂ ಒಂದು ತಂಡವಿತ್ತು, ಯೋಧಾಸ್ ಎಂದು. ಅದನ್ನು ನೆನಪಿಟ್ಟುಕೊಂಡವರನ್ನು ಹುಡುಕಬೇಕು. 2020ರಲ್ಲಿ ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿ ಏಷ್ಯನ್ ಚಾಂಪಿಯನ್‌ಷಿಪ್ಪಿನ ಗ್ರೀಕೋ-ರೋಮನ್ ವಿಭಾಗದಲ್ಲಿ ಕಂಚು ಗೆದ್ದರು. 2007ರಲ್ಲಿ ಅಮೆರಿಕದ ಬೆಲ್ಟು ಸೊಂಟಕ್ಕೆ ಕಟ್ಟಿಕೊಂಡ ಖಲಿಯನ್ನು ಬಲ್ಲ ನೂರು ಜನರಲ್ಲಿ ಎಷ್ಟು ಮಂದಿ ಹಲಕುರ್ಕಿಯ ಹೆಸರು ಕೇಳಿದ್ದಾರು? 2019ರ ‘ಪೈಲ್ವಾನ್’, 2023ರ ‘ಗರಡಿ’ ಚಿತ್ರಗಳನ್ನು ನೋಡಿದವರೂ ಗರಡಿಯ ಬಾಗಿಲವರೆಗೆ ಹೋದದ್ದು ಕಡಿಮೆ. ಗರಡಿ ಉಳಿಯಬೇಕಾದರೆ ಅದಕ್ಕೆ ಹೆಸರು ಬೇಕಿಲ್ಲ, ಬೆಳಗ್ಗೆ ಐದಕ್ಕೆ ಎದ್ದು ಬರುವ ಹತ್ತು ಹುಡುಗರು ಬೇಕು. ಮಟ್ಟಿಯನ್ನು ದಿನವೂ ಅಗೆಯದಿದ್ದರೆ ಅದು ಗಟ್ಟಿ ನೆಲವಾಗುತ್ತದೆ, ಪೇಟೆಯಲ್ಲಿ ಗಟ್ಟಿ ನೆಲಕ್ಕೆ ಗೋದಾಮಿನ ಬೆಲೆ ಇದೆ.

ವರ್ಷಕ್ಕೊಮ್ಮೆ ಮಾತ್ರ ಹಳೆಯ ವೃತ್ತಿಪರರು ಸುದ್ದಿಗೆ ಬರುತ್ತಾರೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ಬೆಳಗ್ಗೆ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಚನ್ನಪಟ್ಟಣ, ಚಾಮರಾಜನಗರಗಳ ಜತೆಗೆ ಬೆಂಗಳೂರಿನ ಜಟ್ಟಿ ಮನೆತನಗಳಿಂದಲೂ ಜೋಡಿ ಕಟ್ಟುವುದುಂಟು. ತಲೆ ಬೋಳಿಸಿ, ಕೈಗೆ ಮುಷ್ಟಿಯ ಆಯುಧ ಕಟ್ಟಿ ಇಳಿದ ಇಬ್ಬರಲ್ಲಿ ಒಬ್ಬನ ತಲೆಯಿಂದ ರಕ್ತದ ಮೊದಲ ಹನಿ ಚಿಮ್ಮಿದರೆ ಕಾಳಗ ಮುಗಿಯಿತು. ಎಷ್ಟೋ ಸಲ ಕ್ಯಾಮೆರಾದವರು ಸರಿಯಾಗಿ ನಿಲ್ಲುವ ಮೊದಲೇ ಮುಗಿದಿರುತ್ತದೆ. ಮರುದಿನದ ಪತ್ರಿಕೆಯಲ್ಲಿ ಜಟ್ಟಿಯ ಹೆಸರು, ಪಕ್ಕದಲ್ಲಿ ಊರು: ಬೆಂಗಳೂರು. ಯಾವ ಬೀದಿ ಎಂದು ಬರೆದಿರುವುದಿಲ್ಲ.